ಸಣ್ಣ ಮಾಡಿದ ಹಾಡು

ನಮ್ಮ ಬೀದಿಯಲ್ಲಿ ನನ್ನನ್ನು ‘ಹಾಡು ಸಣ್ಣ ಮಾಡೋಳು’ ಅನ್ನುತ್ತಾರೆ. ನಾನು ಹಾಡುವವಳಲ್ಲ. ನನ್ನ ಕಂಠ ಕೇಳಿದರೆ ಕಾಗೆಯೂ ಸಂಕೋಚಪಡದೆ ಹಾಡಲು ಶುರು ಮಾಡೀತು. ಭಜನೆ ಮಂಡಳಿಯವರು, ಹರಿಕಥೆ ದಾಸರು, ತೂಬಗೆರೆ ಕಡೆಯ ಸೋಬಾನೆ ಹೆಂಗಸರು ರೆಕಾರ್ಡ್ ಮಾಡಿಸಿಕೊಂಡು ತರುವ ದೊಡ್ಡ ದೊಡ್ಡ ಫೈಲುಗಳನ್ನು, ಫೋನಿನಲ್ಲಿ ಚಕ್ರ ಸುತ್ತುತ್ತ ಎಲ್ಲೂ ನಿಂತುಬಿಡದೆ ಓಡುವ ಹಾಗೆ ಚಿಕ್ಕದು ಮಾಡಿಕೊಡುವುದು ನನ್ನ ಕಸುಬು. ದೊಡ್ಡಬಳ್ಳಾಪುರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಎರಡು ಹೆಡ್‌ಫೋನು. ಇಷ್ಟೇ ನನ್ನ ಕಾರ್ಖಾನೆ.

ಪಕ್ಕದ ಮನೆಯ ಹೆಂಗಸು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು. “ಅಲ್ಲ ಕಣಮ್ಮಿ, ಹಾಡು ಸಣ್ಣ ಮಾಡೋದು ಅಂದ್ರೆ ಏನು? ಅದಕ್ಕೇನು ಸಕ್ಕರೆ ಕಾಯ್ಲೆ ಬಂದೈತಾ?”

ನಗು ಬಂದರೂ ಅವಳಿಗೆ ಬಿಡಿಸಿ ಹೇಳಿದೆ. ಮೈಕಿಗೆ ಬಿದ್ದದ್ದನ್ನೆಲ್ಲ ಒಂದು ಚೂರೂ ಬಿಡದೆ ಹಿಡಿದಿಟ್ಟುಕೊಂಡಿರುವ ಫೈಲು ಒಂದಿರುತ್ತದೆ. ಕಂಪ್ಯೂಟರಿನವರು ಅದಕ್ಕೆ ಲಾಸ್‌ಲೆಸ್ ಅನ್ನುತ್ತಾರೆ, ನಾನು ತುಂಬು ಫೈಲು ಅನ್ನುತ್ತೇನೆ. ಅದನ್ನು ಜರಡಿ ಹಿಡಿದರೆ ಹತ್ತರಲ್ಲಿ ಒಂದು ಪಾಲೋ, ಇಪ್ಪತ್ತರಲ್ಲಿ ಒಂದು ಪಾಲೋ ಉಳಿಯುತ್ತದೆ. ಆ ಸಣ್ಣ ಫೈಲೇ ಫೋನಿನಲ್ಲಿ ಸಲೀಸಾಗಿ ಓಡುವುದು. ಜರಡಿಯಲ್ಲಿ ಹೋಗುವುದು ಏನು ಎಂದರೆ, ಕಿವಿಗೆ ಹೇಗೂ ಕೇಳಿಸುವುದಿಲ್ಲ ಎಂದು ಯಂತ್ರ ತೀರ್ಮಾನಿಸಿದ್ದು. ಜೋರು ಸದ್ದಿನ ಕೆಳಗೆ ಸಿಕ್ಕಿಕೊಂಡ ಮೆಲು ಸದ್ದು ಮನುಷ್ಯನಿಗೆ ಕೇಳುವುದಿಲ್ಲ, ಆದ್ದರಿಂದ ಅದನ್ನು ಎಸೆದರೂ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಅದರ ಲೆಕ್ಕ.

ಈ ಲೆಕ್ಕ ಹಾಕಿದವರು ಯಾರೋ ನನಗೆ ತಿಳಿಯದು. ಮಗ್ಗದ ಮನೆಯಲ್ಲಿ ಹುಟ್ಟಿದವರಂತೂ ಅಲ್ಲ.

ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ನೇಯ್ಗೆ ನಮ್ಮ ಕುಲಕಸುಬಲ್ಲ, ನಮ್ಮದು ತೂಬಗೆರೆ ಹೋಬಳಿಯ ಒಕ್ಕಲು ಮನೆತನ. ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿ ಬದು ಬಿಟ್ಟರೆ ಏನೂ ಮಿಕ್ಕದಿದ್ದಾಗ ಅಪ್ಪ ದೊಡ್ಡಬಳ್ಳಾಪುರಕ್ಕೆ ಬಂದು ಇದೇ ನಡುಮನೆಯಲ್ಲಿ ಎರಡು ಪವರ್‌ಲೂಮ್ ಹಾಕಿದ. ಈಗ ನನ್ನ ಮೇಜು ಇರುವ ಜಾಗದಲ್ಲೇ ಅಕ್ಕನ ಮಗ್ಗವಿತ್ತು. ಬೆಳಗಿನಿಂದ ಸಂಜೆಯವರೆಗೆ ಕಟಕಟ ಕಟಕಟ. ಎದುರು ಮನೆಯಲ್ಲಿ ನಾಲ್ಕು, ಹಿಂದಿನ ಮನೆಯಲ್ಲಿ ಆರು. ಬೀದಿಗೆ ಬೀದಿಯೇ ಅದುರುತ್ತಿತ್ತು. ಹೊರಗಿನಿಂದ ಬಂದ ನೆಂಟರು ಒಂದೇ ದಿನಕ್ಕೆ ತಲೆ ಹಿಡಿದುಕೊಂಡು ಊರಿಗೆ ಓಡಿಹೋಗುತ್ತಿದ್ದರು. ಅಮ್ಮನಿಗೆ ಅದೊಂದು ಅನುಕೂಲವೇ ಆಗಿತ್ತು.

ಇಂಥ ಬೀದಿಯಲ್ಲಿ ಮಾತಾಡಲು ಎರಡೇ ದಾರಿ. ಒಂದು, ಕೂಗುವುದು. ಇನ್ನೊಂದು, ಸದ್ದಿಲ್ಲದೆ ತುಟಿ ಆಡಿಸುವುದು, ಎದುರಿಗಿದ್ದವರು ಅದನ್ನು ಓದಿಕೊಳ್ಳುವುದು. ಕೂಗುವುದರಲ್ಲಿ ಒಂದು ಅಪಾಯವಿತ್ತು. ಯಾವ ಗಳಿಗೆಯಲ್ಲಿ ಬೇಕಾದರೂ ಕರೆಂಟ್ ಹೋಗಬಹುದು. ಹೋದರೆ ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಯಾರು ಏನನ್ನು ಅರ್ಧ ಕೂಗಿದ್ದರೋ ಅದರ ಇನ್ನರ್ಧ ಇಡೀ ಬೀದಿಗೆ ಕೇಳುತ್ತಿತ್ತು. ಒಂದು ಯುಗಾದಿಯ ಮಾರನೆ ದಿನ ಅಮ್ಮ ಅಪ್ಪನ ಕಿವಿಯ ಹತ್ತಿರ, “ನಿಮ್ ತಂಗಿ ಒಬ್ಳೇ ಹನ್ನೊಂದು ಒಬ್ಬಟ್ಟು ತಿಂದ್ಲು” ಎಂದು ಮಗ್ಗದ ಶ್ರುತಿಯಲ್ಲಿ ದೂರು ಹೇಳುತ್ತಿದ್ದಳು. “ನಿಮ್ ತಂಗಿ” ಅನ್ನುವುದು ಮಗ್ಗದೊಳಗೆ ಮುಳುಗಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಿಕ್ಕಿದ್ದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅತ್ತೆಯ ಕಿವಿಗೆ ನೇರ ಬಿತ್ತು. ಅತ್ತೆ ಎರಡು ವರ್ಷ ನಮ್ಮ ಮನೆಯ ನೀರು ಕುಡಿಯಲಿಲ್ಲ.

ಕೂಸುಗಳದ್ದು ಮತ್ತೊಂದು ವಿಶೇಷ. ಮಗ್ಗದ ಬೀದಿಯ ಕೂಸು ಮಗ್ಗದ ಸದ್ದಿಗೇ ಮಲಗುವುದು. ಸದ್ದು ನಿಂತರೆ ಏಳುವುದು, ಅಳುವುದು. ಕರೆಂಟ್ ಹೋದರೆ ಮನೆಮನೆಯಿಂದಲೂ ಕೂಸುಗಳ ರಾಗ ಏಳುತ್ತಿತ್ತು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಕಿಟಕಿ ಕಡೆಯ ಮಗ್ಗ ಅವಳದ್ದು. ಅವಳ ಹಿಂದೆ ಗೋಡೆಗೆ ಒರಗಿ ಕೂತು ಕಂಡಿಕೆ ಸುತ್ತುವುದು ನನ್ನ ಕೆಲಸ. ಕಂಡಿಕೆ ಎಂದರೆ ನೂಲು ಸುತ್ತಿದ ಪುಟ್ಟ ಕಡ್ಡಿ. ಅದನ್ನು ಲಾಳಿಯ ಹೊಟ್ಟೆಯೊಳಗೆ ಕೂರಿಸಿದರೆ, ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡಿ, ಅಲ್ಲಿಂದ ಇಲ್ಲಿಗೆ ಓಡಿ, ದಾರಿಯುದ್ದಕ್ಕೂ ನೂಲು ಬಿಟ್ಟುಕೊಂಡು ಹೋಗುತ್ತದೆ. ಸ್ಕೂಲಿಂದ ಬಂದವಳು ಕತ್ತಲಾಗುವವರೆಗೆ ಅಲ್ಲೇ ಕೂತಿರುತ್ತಿದ್ದೆ. ಅಲ್ಲಿ ಕೂತವರಿಗೆ ಮಾತ್ರ ಗೊತ್ತಿದ್ದ ಒಂದು ಗುಟ್ಟಿತ್ತು. ಅಕ್ಕ ಮಗ್ಗದ ಸದ್ದಿನ ಕೆಳಗೆ ಹಾಡುತ್ತಿದ್ದಳು.

ಅಕ್ಕನಷ್ಟು ನಾಚಿಕೆಯ ಹೆಣ್ಣನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಬೇರೆಲ್ಲೂ ಅವಳು ಬಾಯಿ ಬಿಟ್ಟವಳಲ್ಲ. ಹಬ್ಬದಲ್ಲಿ ಆರತಿ ಹಾಡು ಹೇಳು ಎಂದರೆ ಅಡುಗೆ ಮನೆಗೆ ಓಡುತ್ತಿದ್ದಳು. ಮಗ್ಗ ಓಡುತ್ತಿದ್ದರೆ ಮಾತ್ರ ಅವಳಿಗೆ ಧೈರ್ಯ. ಆ ಸದ್ದೇ ಅವಳಿಗೆ ಸೆರಗು. ಕರೆಂಟ್ ಹೋಗಿ ಹಾಡಿನ ಒಂದು ತುಣುಕು ಬಯಲಿಗೆ ಬಿದ್ದರೆ ಸಾಕು, ತಟ್ಟನೆ ಬಾಯಿ ಮುಚ್ಚಿ ಕಿವಿಯ ತುದಿಯವರೆಗೂ ಕೆಂಪಾಗುತ್ತಿದ್ದಳು. ಅಪ್ಪ ಪಕ್ಕದ ಮಗ್ಗದಿಂದ, “ಏನಮ್ಮಾ, ರೇಡಿಯೋ ನಿಂತೋಯ್ತು?” ಅನ್ನುತ್ತಿದ್ದ. ಅವಳು ನನ್ನ ಕಡೆ ತಿರುಗಿ ಕಣ್ಣು ಬಿಡುತ್ತಿದ್ದಳು. ಕರೆಂಟ್ ತೆಗೆದದ್ದು ನಾನೇ ಅನ್ನುವ ಹಾಗೆ.

ಅವಳು ಹೆಚ್ಚಾಗಿ ಹಾಡುತ್ತಿದ್ದದ್ದು ಒಂದೇ ಹಾಡು. ಯಾರಿಂದ ಕಲಿತದ್ದೋ, ತಾನೇ ಕಟ್ಟಿಕೊಂಡದ್ದೋ ನನಗೆ ಗೊತ್ತಿರಲಿಲ್ಲ. ಅಷ್ಟು ಸದ್ದಿನ ಕೆಳಗಿಂದ ನನ್ನ ಕಿವಿ ಅದನ್ನು ಅಕ್ಷರ ಅಕ್ಷರ ಹೆಕ್ಕಿಕೊಂಡಿತ್ತು.

ಹೋಗಿ ಬಾರೆ ಲಾಲಿ, ಬೇಗ ಬಾರೆ ಲಾಲಿ
ಮಂಚ ಮುಟ್ಟಿ ಬಾರೆ, ನೂರು ಕಾಲ ಬಾಳೆ ಲಾಲಿ

ತೊಟ್ಟಿಲು ತೂಗುವ ಹಾಡು. ನಮ್ಮ ಮನೆಯಲ್ಲಿ ಆಗ ತೊಟ್ಟಿಲಲ್ಲಿ ಯಾರೂ ಇರಲಿಲ್ಲ. ಚಿಕ್ಕವಳು ಅಂದರೆ ನಾನೇ. ಅಮ್ಮನ ಬಾಯಲ್ಲಿ ನನಗೆ ಸಿಕ್ಕಿದ್ದೆಲ್ಲ ಬೈಗುಳ, ಅದನ್ನೂ ಅವಳು ಪ್ರೀತಿಯಿಂದಲೇ ಕೊಡುತ್ತಿದ್ದಳು ಅನ್ನಿ. ಆದರೆ ಈ ಲೋಕದಲ್ಲಿ ನನಗೆ ಲಾಲಿ ಹಾಡುವವಳು ಒಬ್ಬಳಿದ್ದಾಳೆ, ಅದೂ ಬೇರೆ ಯಾರಿಗೂ ಕೇಳದ ಹಾಗೆ ನನ್ನೊಬ್ಬಳಿಗೇ ಹಾಡುತ್ತಾಳೆ ಎಂದು ನಾನು ನಂಬಿಕೊಂಡಿದ್ದೆ. ಅಕ್ಕನಿಗೆ ಬೂದಿಗೆರೆಯ ಒಕ್ಕಲು ಮನೆಗೆ ಮದುವೆಯಾಯಿತು. ಅವಳ ಮಗ್ಗಕ್ಕೆ ಆಳು ಬಂದ. ನಾನು ಅದೇ ಗೋಡೆಗೆ ಒರಗಿ ಅದೇ ಕಂಡಿಕೆ ಸುತ್ತಿದೆ. ಮಗ್ಗದ ಕೆಳಗೆ ಏನೂ ಇರಲಿಲ್ಲ. ಆ ವರ್ಷ ನಾನು ಅತ್ತಷ್ಟು ಮುಂದೆ ಅಮ್ಮ ಹೋದಾಗಲೂ ಅಳಲಿಲ್ಲ.

ನಾನು ಮದುವೆಯಾಗಲಿಲ್ಲ. ಅದು ಬೇರೆ ಕತೆ, ಇಲ್ಲಿ ಬೇಡ. ಮನೆಯಲ್ಲೇ ಉಳಿದೆ, ಈ ಕಸುಬು ಹಿಡಿದೆ. ಕೆಲವು ವರ್ಷದ ಹಿಂದೆ ಅಪ್ಪ, ಇನ್ನು ನನ್ನ ಕೈಲಾಗದು ಎಂದು ಎರಡೂ ಮಗ್ಗ ಮಾರಿದ. ಕೊಂಡವರು ಮಾರನೆ ದಿನ ಬಿಚ್ಚಿಕೊಂಡು ಹೋಗುವವರಿದ್ದರು. ಅಕ್ಕ ಬೂದಿಗೆರೆಯಿಂದ ಬಂದಳು. ಮಗ್ಗದ ಮೇಲೆ ಮುಗಿಯದ ಒಂದು ಸೀರೆಯಿತ್ತು, ಅದನ್ನು ಮುಗಿಸುತ್ತೇನೆ ಎಂದು ಸೆರಗು ಸಿಕ್ಕಿಸಿ ನಿಂತಳು. ನಾನು ಹೊಸದಾಗಿ ಕೊಂಡಿದ್ದ ರೆಕಾರ್ಡರನ್ನು ಕಿಟಕಿಯಲ್ಲಿಟ್ಟೆ. ಮಗ್ಗದ ಸದ್ದು ನೆನಪಿಗಿರಲಿ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಇಪ್ಪತ್ತೆರಡು ನಿಮಿಷ. ಆರನೆಯ ನಿಮಿಷಕ್ಕೆ ಅಕ್ಕ ಹಾಡಲು ಶುರು ಮಾಡಿದಳು. ನಾನು ಹಳೆಯ ಜಾಗದಲ್ಲಿ ಗೋಡೆಗೆ ಒರಗಿ ಕೂತೆ. ಮುದುಕಿಯಾಗುವ ಹೊತ್ತಿಗೆ ಮತ್ತೆ ಒಂಬತ್ತು ವರ್ಷದವಳಾದೆ. ಕೊನೆಗೆ ಅಪ್ಪ ಸ್ವಿಚ್ಚಿನ ಕಡೆ ಹೋಗುವುದನ್ನು ಕಂಡು ಅಕ್ಕ ಹಾಡು ನಿಲ್ಲಿಸಿದಳು. ಆಮೇಲೆ ಅಪ್ಪ ಟಕ್ ಅಂತ ಆರಿಸಿದ. ಆ ಫೈಲನ್ನು ನಾನು ತುಂಬು ಫೈಲಾಗಿಯೇ ಒಂದು ಕಡೆ ಇಟ್ಟೆ. ಸಣ್ಣ ಮಾಡಲಿಲ್ಲ.

ಅದಾದ ಮೇಲೆ ಅಕ್ಕನ ಗಂಟಲಲ್ಲಿ ಗಡ್ಡೆಯಾಯಿತು. ತೆಗೆಸಲೇಬೇಕಾಯಿತು. ಧ್ವನಿಯ ನರ ಅದರ ಪಕ್ಕದಲ್ಲೇ ಇದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಯಾರ ತಪ್ಪೂ ಇರಲಿಲ್ಲ. ಜೀವ ಉಳಿಯಿತು, ಧ್ವನಿ ಹೋಯಿತು. ಪಿಸುಮಾತಿಗಿಂತ ಒಂದು ಕೂದಲೆಳೆ ಮೇಲೆ, ಸೀಳಿ ಸೀಳಿ ಬರುವ ದನಿ ಮಾತ್ರ ಉಳಿಯಿತು.

ಕಳೆದ ವರ್ಷ ಅಕ್ಕನ ಮಗಳು ಬಾಣಂತನಕ್ಕೆ ಬೂದಿಗೆರೆಗೆ ಬಂದಳು. ದೇವನಹಳ್ಳಿ ಕಡೆ ಕೆಲಸದಲ್ಲಿರುವ ಹುಡುಗಿ, ಚುರುಕು. ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾದ ಮೇಲೆ ಅಕ್ಕ ನನಗೆ ಫೋನ್ ಮಾಡಿದಳು. ಅವಳು ಫೋನ್ ಮಾಡುವುದೇ ಅಪರೂಪ, ಅರ್ಧ ಮಾತು ಗಾಳಿಗೆ ಹೋಗುತ್ತದೆ.

“ಅವತ್ತು ಕಿಟಕೀಲಿ ಏನೋ ಇಟ್ಟಿದ್ದೆಯಲ್ಲ, ನಾನು ನೋಡಿದ್ದೆ ಕಣೇ,” ಅಂದಳು. “ಅದ್ರಲ್ಲಿ ನನ್ ಹಾಡು ಬಂದೈತಾ?”

“ಬಂದೈತೆ. ಆ ಲಾಲಿ ಹಾಡು ಪೂರ್ತಿ ಬಂದೈತೆ.”

“ಹೂಂ, ಅದೇ. ತೊಟ್ಟಿಲಿಗೆ ಹಾಕೋ ದಿನ ಅಜ್ಜಿ ಅನ್ನಿಸ್ಕೊಂಡೋಳು ಒಂದು ಹಾಡು ಹೇಳ್ಬೇಕಲ್ಲ. ನನ್ ಗಂಟ್ಲು ಹಿಂಗಾಯ್ತು. ನಾನು ಹಾಡ್ತಿದ್ದೆ ಅಂದ್ರೆ ನನ್ ಮಗಳೇ ನಂಬಲ್ಲ. ಕೂಸಿಗೆ ಒಂದ್ಸಲನಾದ್ರೂ ಕೇಳುಸ್ಬೇಕು ಕಣೇ.”

ಮಗಳು ಫೋನು ತೆಗೆದುಕೊಂಡಳು. “ಚಿಕ್ಕಮ್ಮ, ದೊಡ್ಡ ಫೈಲು ಕಳಿಸ್ಬೇಡಿ, ಇಲ್ಲಿ ನೆಟ್‌ವರ್ಕ್ ಕುಂಟ್ತೈತೆ. ಲಿಂಕ್ ಒತ್ತಿದ್ರೆ ಓಡೋ ಥರ ಮಾಡಿ.” ಆಮೇಲೆ ದನಿ ತಗ್ಗಿಸಿ, “ನಮ್ಮಮ್ಮ ನಿಜವಾಗ್ಲೂ ಹಾಡ್ತಿದ್ರಾ? ಸುಮ್ನೆ ಹೇಳ್ತಾರೆ ಅಲ್ವಾ?” ಅಂದಳು. ಬೂದಿಗೆರೆಯಲ್ಲಿ ಮಗ್ಗವಿರಲಿಲ್ಲ. ಆದ್ದರಿಂದ ಆ ಹುಡುಗಿ ತಾಯಿಯ ಹಾಡನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆ ವಾರ ನಾನು ಒಂದು ಪ್ರವಚನ ಮಾಲೆಯನ್ನು ಸಣ್ಣ ಮಾಡುತ್ತಿದ್ದೆ. ಬರೀ ಮಾತು. ಹೆಚ್ಚು ಎಸೆದರೂ ನಡೆಯುತ್ತದೆ, ಅದಕ್ಕೆ ತೀರ ದೊಡ್ಡ ಕಣ್ಣಿನ ಜರಡಿ ಸಾಕು. ಅಕ್ಕನ ಫೈಲನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದೆ. ಜರಡಿ ಬದಲಿಸಬೇಕಿತ್ತು, ಬದಲಿಸಲಿಲ್ಲ. ಕಸುಬಿನವಳ ಸೊಕ್ಕು. ಆದರೂ ನಾನು ಕೇಳಿ ನೋಡದೆ ಕಳಿಸುವವಳಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತೆ. ಆರನೆಯ ನಿಮಿಷಕ್ಕೆ ಅಕ್ಕನ ದನಿ ಬಂತು. ಹೋಗಿ ಬಾರೆ ಲಾಲಿ. ಒಂದೊಂದು ಅಕ್ಷರವೂ ಸ್ಪಷ್ಟ. ಕಣ್ಣಲ್ಲಿ ನೀರು ಬಂತು. ಹಾಡು ಸರಿಯಾಗಿ ಬಂದಿದೆ ಎಂದು ಸಮಾಧಾನವಾಯಿತು. ಡಿಸ್ಕ್ ತುಂಬಿಹೋಗಿತ್ತು. ಕೆಲಸ ಮುಗಿದ ತುಂಬು ಫೈಲುಗಳನ್ನೆಲ್ಲ ಯಾವಾಗಲೂ ಮಾಡುವ ಹಾಗೆ ಒಟ್ಟಿಗೆ ಅಳಿಸಿ, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಲಿಂಕ್ ಕಳಿಸಿದೆ.

ಬೆಳಗ್ಗೆ ಫೋನು ಬಂತು. ಅಕ್ಕನೇ.

“ಬರೀ ಮಗ್ಗ ಕಣೇ,” ಅಂದಳು. “ನಾನಿಲ್ಲ ಅದ್ರಲ್ಲಿ.”

“ನಿನ್ ಫೋನಿನ ಸ್ಪೀಕರು ಸತ್ತೋಗಿರ್ಬೇಕು. ಸರಿಯಾಗಿ ಕೇಳು. ಆರನೇ ನಿಮಿಷದಿಂದ ಕೇಳು.”

“ಮೂರು ಸಲ ಕೇಳ್ದೆ. ಮಗಳು ಇಯರ್‌ಫೋನ್ ಹಾಕ್ಕೊಂಡು ಕೇಳಿದ್ಲು. ನಾನಿಲ್ಲ.”

ನನಗೆ ಸಿಟ್ಟು ಬಂತು. ನಿಮಗೆಲ್ಲ ಬೂದಿಗೆರೆ ಗಾಳಿ ಕಿವಿಗೆ ಹೊಕ್ಕಿದೆ ಎಂದು ಏನೇನೋ ಒದರಿ ಫೋನಿಟ್ಟೆ. ಇಟ್ಟವಳೇ ಮತ್ತೆ ಕೇಳಿದೆ. ಇದ್ದಳು. ಅಕ್ಕ ಅಲ್ಲೇ ಇದ್ದಳು. ಪಕ್ಕದ ಮನೆಯ ಹೆಂಗಸನ್ನು ಕರೆದು ಕೂರಿಸಿ ಹೆಡ್‌ಫೋನ್ ತೊಡಿಸಿದೆ. ಅವಳು ಹೊರಗಿನಿಂದ ಬಂದು ಬಾಡಿಗೆಗೆ ಇರುವವಳು, ಮಗ್ಗದ ಮನೆಯವಳಲ್ಲ. ಎರಡು ನಿಮಿಷ ಕೇಳಿ, “ಇದೇನು, ಹಿಟ್ಟಿನ ಮಿಲ್ಲಾ?” ಅಂದಳು. ಕಂಪ್ಯೂಟರಿನಲ್ಲಿ ಸದ್ದನ್ನು ಚಿತ್ರವಾಗಿ ತೋರಿಸುವ ಒಂದು ಕಿಂಡಿಯಿದೆ. ಮನುಷ್ಯರ ದನಿ ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಳುಕುವ ಗೆರೆಗಳಾಗಿ ಕಾಣುತ್ತದೆ. ಆರನೆಯ ನಿಮಿಷ ತೆರೆದು ನೋಡಿದೆ. ಮಗ್ಗದ ನೇರ ಕಂಬಗಳಿದ್ದವು. ಕಂಬಗಳ ನಡುವೆ ಬಳುಕುವ ಗೆರೆ ಒಂದೂ ಇರಲಿಲ್ಲ.

ಇನ್ನೂ ನಂಬದೆ ಚಪ್ಪಲಿ ಮೆಟ್ಟಿ ಹಿಂದಿನ ಬೀದಿಗೆ ಹೋದೆ. ಅಲ್ಲಿ ಒಂದು ಮನೆಯಲ್ಲಿ ಈಗಲೂ ಮಗ್ಗ ಓಡುತ್ತದೆ. ಯಾರೋ ಗಂಡಸು, ಬಾಯಿಗೆ ಬಟ್ಟೆ ಕಟ್ಟಿಕೊಂಡು ನೇಯುತ್ತಿದ್ದ. ಅವನ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಅಲ್ಲೂ ಅಕ್ಕ ಹಾಡಲು ಶುರು ಮಾಡಿದಳು.

ಆಗ ತಿಳಿಯಿತು. ಫೈಲಿನಲ್ಲಿ ಅಕ್ಕ ಇಲ್ಲ. ನನ್ನ ಕಿವಿಯಲ್ಲಿದ್ದಾಳೆ. ಮಗ್ಗದ ಸದ್ದು ಕೊಟ್ಟರೆ ಸಾಕು, ಹಾಡನ್ನು ನಾನೇ ಹಾಕಿಕೊಳ್ಳುತ್ತೇನೆ. ಬೇರೆ ಊರಿನ, ಬೇರೆ ಬೀದಿಯ ಯಾರೇ ಆಗಿದ್ದರೂ ಅಳಿಸುವ ಮೊದಲು, ಇದರಲ್ಲಿ ಹಾಡೇ ಕೇಳಿಸುತ್ತಿಲ್ಲವಲ್ಲ ಅನ್ನುತ್ತಿದ್ದರು. ಕಂಡಿಕೆ ಸುತ್ತಿದ ನಾನು ಮಾತ್ರ ಇಲ್ಲದ್ದನ್ನು ಕೇಳಿ, ಕಣ್ಣೊರೆಸಿಕೊಂಡು, ಇದ್ದದ್ದನ್ನು ಅಳಿಸಿದೆ.

ಹುಡುಕದ ಕಡೆಯಿಲ್ಲ. ರೆಕಾರ್ಡರಿನ ಕಾರ್ಡಿನ ಮೇಲೆ ಎಷ್ಟೋ ಸಲ ಬೇರೆಯವರ ಹಾಡು ತುಂಬಿಸಿಯಾಗಿತ್ತು. ಅಳಿಸಿದ ಫೈಲು ವಾಪಸ್ ತೆಗೆಯುತ್ತೇನೆ ಎಂದ ಒಬ್ಬ ಎರಡು ದಿನ ಇಟ್ಟುಕೊಂಡು ಪ್ರವಚನವನ್ನಷ್ಟೇ ವಾಪಸ್ ತೆಗೆದುಕೊಟ್ಟ. ಅಕ್ಕನಿಗೆ, “ಇರು, ಸರಿ ಮಾಡಿ ಕಳಿಸ್ತೀನಿ” ಎಂದು ಸುಳ್ಳು ಹೇಳಿದೆ. ಮರುದಿನ ಇನ್ನೊಂದು ಸುಳ್ಳು. ಅಕ್ಕನ ಹಾಡು ಇನ್ನು ಈ ಲೋಕದಲ್ಲಿ ಎಲ್ಲೂ ಇಲ್ಲ, ಇರುವುದು ನನ್ನ ತಲೆಯೊಳಗೆ ಮಾತ್ರ, ಅಲ್ಲಿಂದ ಅದನ್ನು ಯಾವ ಫೈಲಿಗೂ ಇಳಿಸಲು ಬರುವುದಿಲ್ಲ ಅನ್ನುವ ಯೋಚನೆಯೇ ಎದೆಯಲ್ಲಿ ಕೂತಿತ್ತು. ತೊಟ್ಟಿಲಿಗೆ ಎರಡು ದಿನ ಇದೆ ಅನ್ನುವಾಗ ತಡೆಯಲಾರದೆ ಒಂದು ಸಣ್ಣ ಸ್ಪೀಕರನ್ನೂ ರೆಕಾರ್ಡರನ್ನೂ ಚೀಲಕ್ಕೆ ಹಾಕಿಕೊಂಡು ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಬೂದಿಗೆರೆಗೆ ಹೋದೆ.

ಅಕ್ಕ ಹಜಾರದಲ್ಲಿ ತೊಟ್ಟಿಲಿನ ಹಗ್ಗ ಬಿಗಿಯುತ್ತಿದ್ದಳು. ನೀರೂ ಕುಡಿಯದೆ ಹೇಳಿಬಿಟ್ಟೆ.

“ಹಾಡು ಹೋಯ್ತು ಕಣಕ್ಕ. ನಾನೇ ಅಳಿಸ್ಬಿಟ್ಟೆ. ಎಲ್ಲೂ ಇಲ್ಲ.”

ಅವಳು ಹಗ್ಗದ ಗಂಟು ಹಾಕಿ ಮುಗಿಸಿದಳು. “ಹೋಗ್ಲಿ ಬಿಡು,” ಅಂದಳು. ಹಾಗೆ ಅಂದವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

“ನಂಗೆ ಬಾಯಿಪಾಠ ಐತೆ. ನನ್ ಕಂಠ ಹೆಂಗಾದ್ರೂ ಇರ್ಲಿ, ತೊಟ್ಟಿಲಿಗೆ ಹಾಕುವಾಗ ನಿನ್ನ ಬದ್ಲು ನಾನೇ ಹಾಡ್ತೀನಿ,” ಎಂದು ಅಲ್ಲೇ ಶುರು ಮಾಡಿದೆ. ಹೋಗಿ ಬಾರೆ ಲಾಲಿ. ಮಂಚ ಮುಟ್ಟಿ ಬಾರೆ, ನೂರು ಕಾಲ ಬಾಳೆ ಲಾಲಿ.

ಅಕ್ಕ ತಿರುಗಿ ನೋಡಿದಳು. ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಸದ್ದಿಲ್ಲದೆ ನಗತೊಡಗಿದಳು. ಭುಜ ಕುಣಿಯುತ್ತಿತ್ತು.

“ಲಾಲಿ ಅಲ್ಲ ಕಣೇ,” ಅಂದಳು. “ಲಾಳಿ.”

ಫೋನಿನಲ್ಲೂ ಅವಳು ಲಾಳಿ ಹಾಡೆಂದೇ ತಿಳಿದು ಹೂಂ ಅಂದಿದ್ದಳು. ನಲವತ್ತು ವರ್ಷ ನಾನು ತಪ್ಪು ಕೇಳಿಕೊಂಡಿದ್ದೆ. ಮಂಚ ಮುಟ್ಟಿ ಅಲ್ಲ, ಅಂಚು ಮುಟ್ಟಿ. ನೂರು ಕಾಲ ಬಾಳೆ ಅಲ್ಲ, ನೂಲು ಹರೀಬ್ಯಾಡೆ. ಆ ಅಂಚಿನವರೆಗೆ ಹೋಗಿ ಬೇಗ ಬಾ, ನೂಲು ಹರಿಯಬೇಡ ಎಂದು ಅಕ್ಕ ಲಾಳಿಗೆ ಹೇಳಿಕೊಳ್ಳುತ್ತಿದ್ದ ಮಾತು ಅದು. ನೂಲು ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಅಪ್ಪ ಗೊಣಗುತ್ತಾನೆ. ಅಷ್ಟೇ.

“ಹಂಗಾದ್ರೆ ಅದು ನಂಗೆ ಹಾಡಿದ್ದಲ್ವಾ?” ಅಂದೆ.

“ನಿಂಗ್ಯಾಕೆ ಲಾಲಿ ಹಾಡ್ಲಿ? ಒಂಬತ್ತು ವರ್ಷದ ಕತ್ತೆ ನೀನು. ನಿಂಗೆ ಕೇಳಿಸ್ತೈತೆ ಅಂತನೇ ನಂಗೆ ಗೊತ್ತಿರ್ಲಿಲ್ಲ.”

ತಮಾಷೆಗೇ ಹೇಳಿದಳು. ನನಗೆ ಮಾತ್ರ ಕಾಲ ಕೆಳಗಿನ ಚಾಪೆ ಎಳೆದ ಹಾಗಾಯಿತು. ಫೈಲು ಕಳೆದದ್ದು ಹೋಗಲಿ, ಇಷ್ಟು ವರ್ಷ ನನ್ನದು ಎಂದುಕೊಂಡಿದ್ದ ಒಂದೇ ಒಂದು ಹಾಡೂ ನನ್ನದಾಗಿರಲಿಲ್ಲ. ಅದು ಒಂದು ಮರದ ತುಂಡಿಗೆ ಸೇರಿದ್ದು. ವಯಸ್ಸಾದವಳು ಇಂಥದ್ದಕ್ಕೆಲ್ಲ ಮುನಿಸಿಕೊಳ್ಳಬಾರದು. ನಾನು ಮುನಿಸಿಕೊಂಡೆ. ಮೂರೂವರೆ ಬಸ್ಸಿಗೆ ಹೋಗ್ತೀನಿ ಎಂದು ಚೀಲ ಎತ್ತಿಕೊಂಡೆ.

ಅಷ್ಟರಲ್ಲಿ ಒಂದು ವಿಮಾನ ಹಂಚಿಗೆ ತಾಗಿಕೊಂಡೇ ಹೋಯಿತೋ ಅನ್ನುವಷ್ಟು ಕೆಳಗೆ ಹೋಯಿತು. ವಿಮಾನ ನಿಲ್ದಾಣ ಹತ್ತಿರ, ಆ ಊರಿನ ನೆತ್ತಿಯ ಮೇಲೆ ಅವಕ್ಕೆ ಅದೇ ಕೆಲಸ. ಒಳಗೆ ಕೂಸು ಬೆಚ್ಚಿಬಿದ್ದು ಕಿರುಚಿತು. ಅಕ್ಕನ ಮಗಳು ಎತ್ತಿಕೊಂಡು ಬಂದಳು, ಭುಜಕ್ಕೆ ಹಾಕಿ ತಟ್ಟಿದಳು, ಗಿಲಕಿ ಆಡಿಸಿದಳು. ಕೂಸು ನಿಲ್ಲಿಸಲಿಲ್ಲ. ನಿದ್ದೆಗೆಟ್ಟ ಬಾಣಂತಿಯ ಕಣ್ಣಲ್ಲೂ ನೀರಾಡಿತು. ಅಕ್ಕ ನನ್ನ ಕಡೆ ನೋಡಿ ಸದ್ದಿಲ್ಲದೆ ತುಟಿ ಆಡಿಸಿದಳು. ಎಷ್ಟೋ ವರ್ಷದ ಮೇಲೆ ಅವಳ ತುಟಿಯನ್ನು ಓದಿದೆ.

ಮಗ್ಗ ಹಾಕು.

ಚೀಲದಿಂದ ಸ್ಪೀಕರ್ ತೆಗೆದು ತೊಟ್ಟಿಲಿನಿಂದ ಸ್ವಲ್ಪ ದೂರವಿಟ್ಟು ಫೈಲು ಹಚ್ಚಿದೆ. ಕಟಕಟ ಕಟಕಟ. “ಅಯ್ಯೋ ಚಿಕ್ಕಮ್ಮ, ಇನ್ನೂ ಅಳ್ತಾಳೆ!” ಎಂದಳು ಅಕ್ಕನ ಮಗಳು. ಕೂಸು ಒಂದು ಸಲ ಬಿಕ್ಕಿತು, ಎರಡು ಸಲ ಬಿಕ್ಕಿತು. ಆಮೇಲೆ ಕಣ್ಣು ಅಗಲ ಮಾಡಿಕೊಂಡು ಸುಮ್ಮನಾಯಿತು. ಅಕ್ಕ ಅದನ್ನು ತೊಟ್ಟಿಲಲ್ಲಿ ಮಲಗಿಸಿ ಹಗ್ಗ ಹಿಡಿದಳು. ಶಾಸ್ತ್ರಕ್ಕೆ ಇನ್ನೂ ಎರಡು ದಿನ ಇತ್ತು, ಯಾರಿಗೂ ಅದು ನೆನಪಾಗಲಿಲ್ಲ. ಮಗಳು ಬಾಗಿಲ ಹತ್ತಿರ ಕೂತು ಒಣಗಿದ ಬಟ್ಟೆ ಮಡಿಸತೊಡಗಿದಳು. ನಾನು ತೊಟ್ಟಿಲಿನ ಹಿಂದೆ ಗೋಡೆಗೆ ಒರಗಿ ಕೂತೆ. ಬಸ್ಸು ಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಮಗ್ಗದ ಕೆಳಗಿಂದ ಹಾಡು ಬಂತು. ಮತ್ತೆ ನನ್ನ ಕಿವಿಯ ಆಟ ಎಂದುಕೊಂಡೆ. ಆದರೆ ಇದು ಆ ಹಳೆಯ ದನಿಯಲ್ಲ. ಸೀಳಿದ ದನಿ, ನಡುನಡುವೆ ಗಾಳಿ ಮಾತ್ರ ಉಳಿಯುವ ದನಿ. ಅದು ನನ್ನ ನೆನಪಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅಕ್ಕನ ಬೆನ್ನು ನೋಡಿದೆ. ಹಗ್ಗದ ಲಯಕ್ಕೆ ಅವಳ ಭುಜ ಮೆಲ್ಲಗೆ ತೂಗುತ್ತಿತ್ತು. ಮಗಳು ಬಟ್ಟೆ ಮಡಿಸುತ್ತಲೇ ಇದ್ದಳು, ಅವಳಿಗೆ ಏನೂ ಕೇಳಿರಲಿಲ್ಲ. ಅಕ್ಕ ಹಾಡುತ್ತಿದ್ದಳು. ಸೆರಗು ಮತ್ತೆ ಸಿಕ್ಕಿತ್ತು. ಅದನ್ನು ಕೊಟ್ಟದ್ದು ಅವಳನ್ನು ಅಳಿಸಿಹಾಕಿದ ಅದೇ ಫೈಲು.

ಫೈಲಿನಲ್ಲಿ ಇಪ್ಪತ್ತೆರಡು ನಿಮಿಷಕ್ಕೆ ಅಪ್ಪ ಸ್ವಿಚ್ಚು ಆರಿಸುತ್ತಾನೆ. ಅಕ್ಕನಿಗೆ ಅದು ನೆನಪಿಲ್ಲ, ನನಗೆ ಗೊತ್ತು. ಹತ್ತೊಂಬತ್ತಾಯಿತು. ಇಪ್ಪತ್ತಾಯಿತು. ಮುಗಿಯುವ ಮೊದಲೇ ಮತ್ತೆ ಆರಂಭದಿಂದ ಹಚ್ಚಿದರೆ ಅವಳ ದನಿ ಬಯಲಿಗೆ ಬೀಳುವುದಿಲ್ಲ, ಅವಳು ನಾಚುವುದಿಲ್ಲ, ಕೂಸೂ ಅಳುವುದಿಲ್ಲ. ಕೈ ಫೋನಿನವರೆಗೂ ಹೋಯಿತು. ಅಲ್ಲಿ ಬಾಗಿಲಲ್ಲಿ ಆ ಹುಡುಗಿ ಕೂತಿದ್ದಳು, ತಾಯಿ ಹಾಡುತ್ತಿದ್ದಳು ಎಂದು ನಂಬದ ಹುಡುಗಿ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಟಕ್.

ಮಗ್ಗ ನಿಂತಿತು. ಅಕ್ಕನ ದನಿ ಹಜಾರದ ನಡುವೆ ಒಂಟಿಯಾಗಿ ಉಳಿಯಿತು. ಮಡಿಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಮಗಳು ತಲೆ ಎತ್ತಿದಳು. ಅಕ್ಕ ತಿರುಗಿ ಹಳೆಯ ಕಾಲದ ಹಾಗೆ ನನ್ನ ಕಡೆ ಕಣ್ಣು ಬಿಟ್ಟಳು, ಕಿವಿಯ ತುದಿ ಕೆಂಪಾಯಿತು, ಬಾಯಿ ಮುಚ್ಚಿಯೇಬಿಟ್ಟಳು. ತೊಟ್ಟಿಲಲ್ಲಿ ಕೂಸಿನ ತುಟಿ ಸೊಟ್ಟಗಾಯಿತು. ಇನ್ನೇನು ಅಳಬೇಕು. ಅಕ್ಕ ಒಮ್ಮೆ ಕೂಸನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

ಹಗ್ಗ ಎಳೆದು ಹಾಡನ್ನು ಮತ್ತೆ ಎತ್ತಿಕೊಂಡಳು. ಮಗ್ಗವಿಲ್ಲದೆ, ಕರೆಂಟ್ ಇದ್ದರೂ ಹೋದರೂ ಲೆಕ್ಕಿಸದೆ, ಆ ಹರಿದ ಗಂಟಲಲ್ಲೇ. ನನ್ನ ಚೀಲದಲ್ಲಿ ರೆಕಾರ್ಡರ್ ಇತ್ತು. ಅದು ನೆನಪಾದದ್ದು ಸಂಜೆ ದೇವನಹಳ್ಳಿಯ ಬಸ್ಸಿನಲ್ಲಿ ಕೂತ ಮೇಲೆ.

ಹೋಗಿ ಬಾರೆ ಅಂದಳು. ಅದರ ಮುಂದಿನ ಮಾತು ಸೀಳಿ ಬಂತು, ಲಾಳಿಯೋ ಲಾಲಿಯೋ ತಿಳಿಯಲಿಲ್ಲ. ಅವಳ ಮುಖ ಕೂಸಿನ ಕಡೆಗಿರಲಿಲ್ಲ, ನನ್ನ ಕಡೆಗಿತ್ತು. ಯಾವುದೆಂದು ನಾನು ಕೇಳಲಿಲ್ಲ.